ಕಟ್ಟಡ ವಾಲುವುದು, ಕಲ್ಲು ಕಪ್ಪಾಗುವುದು: ಹೊಸ ಲೆನ್ಸ್ ಬೇಡ

ನಮಸ್ಕಾರ ಅಕ್ಕಾರ. ನೀವು ಹಾಕಿದ ಎರಡೂ ಫೋಟೊ ನೋಡಿದೆ. ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಕಪ್ಪಗೆ ಮುದ್ದೆಯಾಗಿದೆ, ಗಾಜಿನ ಕಟ್ಟಡ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತಿದೆ. ಇದಕ್ಕೆ ವೈಡ್ ಲೆನ್ಸ್ (ಅಗಲ ನೋಟ ಹಿಡಿಯುವ ಲೆನ್ಸ್) ತಗೊಳ್ಳಲಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ನಾನು ಇದೇ ಕಾರಣಕ್ಕೆ ವೈಡ್ ಲೆನ್ಸ್ ಕೊಂಡೆ. ಕಟ್ಟಡಗಳು ಮೊದಲಿಗಿಂತ ಜಾಸ್ತಿ ವಾಲಿದವು.

ವಾಲುವುದಕ್ಕೆ ಕಾರಣ ಒಂದೇ, ಕ್ಯಾಮೆರಾ ಮೇಲಕ್ಕೆ ಎತ್ತುವುದು. ಎತ್ತಿದ ಕೂಡಲೇ ಕಟ್ಟಡದ ನೆಟ್ಟಗಿನ ಗೆರೆಗಳು ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಹಾಗಾಗಿ ಮೊಬೈಲ್ ಅನ್ನು ಉದ್ದಕ್ಕೆ ಹಿಡಿದು, ಗೋಡೆಗೆ ಸಮನಾಗಿ ನೆಟ್ಟಗೆ ಇಡಿ. ಪರದೆಯ ಮೇಲೆ ಗ್ರಿಡ್ ಗೆರೆ ಆನ್ ಮಾಡಿಕೊಳ್ಳಿ. ಕಟ್ಟಡದ ತುದಿ ಫ್ರೇಮಿನಲ್ಲಿ ಬರುವವರೆಗೆ ಹಿಂದೆ ಸರಿಯಿರಿ. ಮಾಮೂಲಿ ಮೊಬೈಲ್ ಲೆನ್ಸಿಗೆ ಕಟ್ಟಡದ ಎತ್ತರದ ಒಂದೂವರೆ ಪಟ್ಟು ದೂರ ಬೇಕಾಗುತ್ತದೆ, ಅಂದರೆ 40 ಅಡಿ ಎತ್ತರಕ್ಕೆ ಸುಮಾರು 60 ಅಡಿ. ಕೆಳಗೆ ರಸ್ತೆ ಜಾಸ್ತಿ ಬರುತ್ತದೆ, ಆಮೇಲೆ ಕತ್ತರಿಸಿ. ಹಿಂದೆ ಸರಿಯಲು ಜಾಗವೇ ಇಲ್ಲದಿದ್ದರೆ ಸ್ವಲ್ಪ ಎತ್ತಿ ತೆಗೆದು, ಫೋಟೊ ತಿದ್ದುವ ಆಪ್ ಆದ ಸ್ನ್ಯಾಪ್‌ಸೀಡ್‌ನಲ್ಲಿ ಗೆರೆ ನೆಟ್ಟಗೆ ಮಾಡಬಹುದು. ಆದರೆ ಹಾಗೆ ಮಾಡುವಾಗ ಅಂಚು ಹೋಗುತ್ತದೆ, ಸುತ್ತ ಜಾಗ ಬಿಟ್ಟೇ ತೆಗೆಯಿರಿ.

ಈಗ ಗುಡಿಯ ವಿಷಯ. ನಮ್ಮ ಕಡೆಯ ಕಲ್ಯಾಣ ಚಾಲುಕ್ಯರ ಗುಡಿಗಳು ಹೆಚ್ಚಾಗಿ ಬಳಪದ ಕಲ್ಲಿನವು. ಮೆತ್ತಗಿನ ಕಲ್ಲು, ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಆದರೆ ಬಣ್ಣ ಗಾಢ. ಹಿಂದೆ ಬೆಳ್ಳಗಿನ ಆಕಾಶ ಇದ್ದರೆ ಕ್ಯಾಮೆರಾ ಆಕಾಶಕ್ಕೆ ಹೊಂದಿಸಿಕೊಂಡು ಕಲ್ಲನ್ನು ಕಪ್ಪು ಮಾಡುತ್ತದೆ. ಕಲ್ಲಿನ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಏರಿಸಿದರೆ ಕಲ್ಲು ಸರಿಯಾಗುತ್ತದೆ, ಆಕಾಶ ಬರೀ ಬಿಳಿಯಾಗಿ ಸುಟ್ಟು ಹೋಗುತ್ತದೆ. ನನ್ನ ಅನಿಸಿಕೆ ಕೇಳಿದರೆ ಆಕಾಶವನ್ನೇ ಬಿಟ್ಟುಬಿಡಿ. ಗೋಡೆಯ ಹತ್ತಿರ ಹೋಗಿ ಒಂದೇ ಭಾಗ ತುಂಬಿಸಿ ತೆಗೆಯಿರಿ.

ಎಲ್ಲಕ್ಕಿಂತ ಮುಖ್ಯ ಬಿಸಿಲು. ನಿಮ್ಮ ಫೋಟೊ ನಡು ಮಧ್ಯಾಹ್ನದ್ದು, ಅಲ್ವಾ? ಕೆತ್ತನೆ ಎದ್ದು ಕಾಣಬೇಕೆಂದರೆ ಬಿಸಿಲು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗಬೇಕು. ಆಗ ಪ್ರತಿ ಹೂವಿನ ಪಕ್ಕ ಒಂದು ಸಣ್ಣ ನೆರಳು ಬೀಳುತ್ತದೆ. ಬಿಸಿಲು ನೇರ ಎದುರಿಗೆ ಬಿದ್ದರೆ ಗೋಡೆ ಚಪ್ಪಟೆ. ಚಂದ್ರಮೌಳೇಶ್ವರಕ್ಕೆ ನಾಲ್ಕೂ ದಿಕ್ಕಿಗೆ ಬಾಗಿಲಿದೆ, ಹಾಗಾಗಿ ಬೆಳಗ್ಗೆ ಹೋದರೂ ಸಂಜೆ ಹೋದರೂ ಒಂದಲ್ಲ ಒಂದು ಗೋಡೆ ಸಿಗುತ್ತದೆ. ಉತ್ತರದ ಗೋಡೆ ಮಾತ್ರ ಬೇರೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದಕ್ಕೆ ನೇರ ಬಿಸಿಲೇ ಬೀಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಬೇಗ ಹೋಗಿ. ಓರೆ ಬಿಸಿಲು ಆಗ ಚೆಂದ ಸಿಗುತ್ತದೆ.

ಒಳಗೆ ಫ್ಲಾಶ್ ಬೇಡವೇ ಬೇಡ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಕಡೆದ ಕಂಬಗಳನ್ನು ನೋಡಿರಬಹುದು. ಆ ನುಣುಪಿಗೆ ಫ್ಲಾಶ್ ಬಿದ್ದರೆ ನಡುವೆ ಒಂದು ಬಿಳಿ ಚುಕ್ಕೆ, ಸುತ್ತ ಕತ್ತಲೆ. ಬಾಗಿಲಿನಿಂದ ಬರುವ ಬೆಳಕು ಕಂಬದ ಒಂದು ಮಗ್ಗುಲಿಗೆ ಬಿದ್ದಾಗ ಅದರ ದುಂಡಗಿನ ಆಕಾರ ತಾನಾಗಿಯೇ ಬರುತ್ತದೆ. ಮೊಬೈಲನ್ನು ಇನ್ನೊಂದು ಕಂಬಕ್ಕೆ ಒತ್ತಿ ಹಿಡಿದು ತೆಗೆಯಿರಿ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಒಂದು ಕಡೆ ನಾನು ಕೇಳದೆ ನಿಲ್ಲಿಸಿ, ಬೆಳಗಿನ ಒಳ್ಳೆ ಬೆಳಕನ್ನೆಲ್ಲ ಮಾತುಕತೆಯಲ್ಲೇ ಕಳೆದುಕೊಂಡೆ.

ಗಾಜಿನ ಕಟ್ಟಡಕ್ಕೆ ಲೆಕ್ಕ ಉಲ್ಟಾ. ಹಗಲಲ್ಲಿ ಅದು ಬರೀ ಎದುರಿನ ವೈರು, ಬೋರ್ಡು ತೋರಿಸುತ್ತದೆ. ಸೂರ್ಯ ಮುಳುಗಿ 15ರಿಂದ 25 ನಿಮಿಷದ ನಡುವೆ ಹೋಗಿ. ಆಕಾಶ ಇನ್ನೂ ನೀಲಿ ಇರುತ್ತದೆ, ಒಳಗಿನ ದೀಪ ಹತ್ತಿರುತ್ತದೆ, ಎರಡೂ ಸಮ ಸಮ. ಅದಾದ ಮೇಲೆ ಆಕಾಶ ಕಪ್ಪಾಗಿ ಕೆಲಸ ಕೆಡುತ್ತದೆ. ಹಗಲಲ್ಲೇ ತೆಗೆಯಬೇಕಿದ್ದರೆ ಪ್ರತಿಬಿಂಬ ತಗ್ಗಿಸುವ ಪೋಲರೈಸರ್ ಫಿಲ್ಟರ್ ಸಹಾಯ ಮಾಡುತ್ತದೆ. ಆದರೆ ಗಾಜಿನ ಪಕ್ಕದಿಂದ ಓರೆಯಾಗಿ ನಿಂತರೆ ಮಾತ್ರ, ನೇರ ಎದುರಿಗೆ ನಿಂತರೆ ಉಪಯೋಗವಿಲ್ಲ.

ಒಂದೇ ಸಂಜೆಗೆ ಎರಡೂ ಆಗುತ್ತದೆ. ಐದು ಗಂಟೆಗೆ ಗುಡಿ ಮುಗಿಸಿ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಗೆ ಬನ್ನಿ. ಕತ್ತಲಾಗುವಾಗ ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ದಾರಿ) ನಿಲ್ದಾಣದ ದೀಪ, ಅಲ್ಲಿ ಓಡುವ ಚಿಗರಿ ಬಸ್ಸಿನ ಬೆಳಕಿನ ಗೆರೆ ತೆಗೆಯಬಹುದು. ಅದಕ್ಕೆ ಟ್ರೈಪಾಡ್ ಬೇಕು, ನಾಲ್ಕೈದು ಸೆಕೆಂಡ್ ಶಟರ್ ತೆರೆದಿಟ್ಟರೆ ಸಾಕು. ರಸ್ತೆ ನಡುವೆ ನಿಲ್ಲಬೇಡಿ, ಫುಟ್‌ಪಾತ್ ಮೇಲೆಯೇ ನಿಲ್ಲಿ.

ಧಾರವಾಡಕ್ಕೆ ಹೋದರೆ ಕರ್ನಾಟಕ ಕಾಲೇಜು ಬಿಡಬೇಡಿ. 1917ರಲ್ಲಿ ಶುರುವಾದ ಕಾಲೇಜು, ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ಗೇಟಿನಲ್ಲಿ ಕೇಳಿಕೊಂಡು ಹೋಗಿ. ಹುಬ್ಬಳ್ಳಿ ಸ್ಟೇಶನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ತೆಗೆಯುವ ಆಸೆ ಇದ್ದರೂ ಮೊದಲು ಅನುಮತಿ ಕೇಳಿ. ಅಲ್ಲಿ ವೈಡ್‌ಗಿಂತ ಜೂಮ್ ಒಳ್ಳೆಯದು. ಕಂಬಗಳು ಒಂದರ ಹಿಂದೊಂದು ಒತ್ತಾಗಿ ಬಂದಾಗಲೇ ಆ ಉದ್ದ ಗೊತ್ತಾಗುವುದು.

ಮುಂದಿನ ಭಾನುವಾರ ಉಣಕಲ್ ಗುಡಿಗೆ ಬೆಳಗ್ಗೆ ಏಳಕ್ಕೆ ಹೋಗಿ ಬಿಸಿಲು ಓರೆಯಾಗಿ ಬಿದ್ದಿರುವ ಗೋಡೆಯನ್ನು ತೆಗೆದು ಇಲ್ಲಿ ಹಾಕಿ. ಎಡಿಟ್ ಮಾಡದ ಫೋಟೊನೇ ಹಾಕಿ, ನೋಡಿ ಹೇಳುತ್ತೇನೆ.