ರಷ್ಯಾದವರಿಗೆ ಪಶ್ಚಿಮದ ದೇಶಗಳ ಮೇಲೆ ಯಾಕಿಷ್ಟು ಸಿಟ್ಟು? ಅವರ ಆರ್ಥೊಡಾಕ್ಸ್ ಧರ್ಮವೇ (ಕ್ರೈಸ್ತ ಧರ್ಮದ ಪೂರ್ವದ ಶಾಖೆ) ಕಾರಣವಾ?

ಧರ್ಮಕ್ಕೂ ಇದಕ್ಕೂ ಸಂಬಂಧ ಇದೆ, ಆದರೆ ಅದೊಂದೇ ಕಾರಣ ಅಲ್ಲ.

ರಷ್ಯನ್ ಭಾಷೆಯಲ್ಲಿ ರೈತನಿಗೆ 'ಕ್ರೆಸ್ತ್ಯಾನಿನ್' ಅನ್ನುತ್ತಾರೆ. ಕ್ರೈಸ್ತ ಅನ್ನುವ ಪದದಿಂದಲೇ ಹುಟ್ಟಿದ ಮಾತು. ಧರ್ಮ ಮತ್ತು ಜನ ಅಷ್ಟು ಬೆಸೆದುಕೊಂಡಿದ್ದಾರೆ. 988ರಲ್ಲಿ ಕೀವ್‌ನ ದೊರೆ ವ್ಲಾದಿಮಿರ್ ಈ ಧರ್ಮ ತಂದದ್ದು ಕಾನ್‌ಸ್ಟಾಂಟಿನೋಪಲ್‌ನಿಂದ (ಇಂದಿನ ಇಸ್ತಾಂಬುಲ್), ಪಶ್ಚಿಮದ ಕ್ರೈಸ್ತರ ಕೇಂದ್ರವಾದ ರೋಮ್‌ನಿಂದಲ್ಲ. ಅದೇ ಊರನ್ನು 1204ರಲ್ಲಿ ಪಶ್ಚಿಮದ ಕ್ರೈಸ್ತ ಸೈನಿಕರೇ ಲೂಟಿ ಮಾಡಿದರು. 1453ರಲ್ಲಿ ಅದು ತುರ್ಕರ ಪಾಲಾಯಿತು. ಆಮೇಲೆ 'ಮಾಸ್ಕೋನೇ ಮೂರನೇ ರೋಮ್' ಅನ್ನುವ ಮಾತು ಹುಟ್ಟಿತು; ಮೊದಲನೆಯದು ರೋಮ್, ಎರಡನೆಯದು ಕಾನ್‌ಸ್ಟಾಂಟಿನೋಪಲ್. ನಿಜವಾದ ಧರ್ಮ ಉಳಿದಿರುವುದು ನಮ್ಮಲ್ಲಿ ಮಾತ್ರ ಅನ್ನೋ ಭಾವನೆ ಅದು. ಸಾಲದ್ದಕ್ಕೆ ದಾಳಿಗಳು ಬೇರೆ: 1610ರಲ್ಲಿ ಪೋಲೆಂಡಿನವರು, 1812ರಲ್ಲಿ ನೆಪೋಲಿಯನ್, 1941ರಲ್ಲಿ ಹಿಟ್ಲರ್.

ಮಾಸ್ಕೋ ಹತ್ತಿರ 2020ರಲ್ಲಿ ತೆರೆದ ಸೇನೆಯ ಚರ್ಚ್ ನೋಡಿ. ಜರ್ಮನ್ನರಿಂದ ಕಿತ್ತುಕೊಂಡ ಆಯುಧಗಳನ್ನು ಕರಗಿಸಿ ಅದರ ಮೆಟ್ಟಿಲುಗಳಿಗೆ ಹಾಕಿದ್ದಾರೆ. ಪ್ರಾರ್ಥನೆಗೆ ಬಂದವರು ಶತ್ರುವಿನ ಕಬ್ಬಿಣ ತುಳಿದೇ ಒಳಗೆ ಹೋಗುತ್ತಾರೆ. ನನಗೆ ಇದು ತುಂಬಾ ಕಾಡುವ ಚಿತ್ರ.

ಹಾಗಂತ ಈ ದ್ವೇಷ ಅವರ ರಕ್ತದಲ್ಲೇ ಇದೆ ಅನ್ನುವುದು ತಪ್ಪು. ಇದೇ ರಷ್ಯಾದಲ್ಲಿ ಪೀಟರ್ ದೊರೆ ಗಡ್ಡಕ್ಕೆ ತೆರಿಗೆ ಹಾಕಿ ಜನರನ್ನು ಯುರೋಪಿನವರಂತೆ ಮಾಡಲು ಹೊರಟಿದ್ದ. ಹಳೇ ಗಾಯ ಕೆದಕುವುದು ಜಾಸ್ತಿ ಅಧಿಕಾರದಲ್ಲಿ ಇರುವವರೇ. 2022ರಲ್ಲಿ ಸುಮಾರು 300 ರಷ್ಯನ್ ಆರ್ಥೊಡಾಕ್ಸ್ ಪಾದ್ರಿಗಳು ಉಕ್ರೇನ್ ಯುದ್ಧ ನಿಲ್ಲಿಸಿ ಎಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು.