ಮನೆಯಲ್ಲೇ ಇದ್ದ ಕೂಸಿಗೆ ಆರ್‌ಎಸ್‌ವಿ ಬಂದದ್ದೆಲ್ಲಿಂದ?

ಎಲ್‌ಕೆಜಿಗೆ ಹೋಗುವ ಮಗನಿಗೆ ಬರೀ ನೆಗಡಿ, ಹೊಸ್ತಿಲು ದಾಟದ ನಾಲ್ಕು ತಿಂಗಳ ಮಗಳಿಗೆ ಉಸಿರಾಟದ ಕೊಳವೆಗಳಿಗೆ ತಗಲುವ ವೈರಸ್ಸಾದ ಆರ್‌ಎಸ್‌ವಿ, ಇಂದಿಗೆ ಮೂರನೇ ದಿನ, ಇದು ಬಂದದ್ದೆಲ್ಲಿಂದ ಎಂದು ಕೇಳಿದ್ದೀರಿ. ಬಹುಶಃ ಇಬ್ಬರಿಗೂ ಬಂದಿರುವುದು ಒಂದೇ ವೈರಸ್. ನಾನು ವೈದ್ಯಳಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಐದು ತಿಂಗಳ ಮಗನೊಂದಿಗೆ ಐದು ರಾತ್ರಿ ಆಸ್ಪತ್ರೆಯಲ್ಲಿ ಕಳೆದವಳು, ಅಷ್ಟೆ.

ನಮ್ಮ ಮನೆಗೂ ಅದನ್ನು ತಂದವಳು ಅವನ ಅಕ್ಕನೇ. ಶಾಲೆಯಿಂದ ಬಂದವಳೇ ಸುರಿಯುವ ಮೂಗನ್ನು ಅಂಗೈಯಲ್ಲಿ ಒರೆಸಿ, ಅದೇ ಕೈಯಲ್ಲಿ ತಮ್ಮನ ಕೆನ್ನೆ ಹಿಂಡಿ ಮುದ್ದಿಸುತ್ತಿದ್ದಳು. ನಾವೋ, ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆ ಕಳಿಸಿ ಸಂಭ್ರಮಪಟ್ಟಿದ್ದೆವು!

ಈ ವೈರಸ್ಸಿಗೆ ಮುದ್ದಾಟವೇ ಹೆದ್ದಾರಿ. 1981ರಲ್ಲಿ ಅಮೆರಿಕದ ರೋಚೆಸ್ಟರಿನ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗವಿದೆ. ಸೋಂಕಿದ್ದ ಕೂಸುಗಳನ್ನು ಎತ್ತಿ ಆಡಿಸಿದ 7 ಜನರಲ್ಲಿ 5 ಮಂದಿಗೆ ಅದು ಅಂಟಿತು. ಕೂಸು ಇಲ್ಲದಾಗ ಅದರ ಸುತ್ತಲಿನ ವಸ್ತುಗಳನ್ನು ಮುಟ್ಟಿ, ಆಮೇಲೆ ತಮ್ಮ ಕಣ್ಣು ಮೂಗು ಸವರಿಕೊಂಡ 10 ಜನರಲ್ಲಿ 4 ಮಂದಿಗೆ. ಆರಡಿ ಆಚೆ ಸುಮ್ಮನೆ ಕುಳಿತಿದ್ದ 14 ಜನರಲ್ಲಿ ಒಬ್ಬರಿಗೂ ಇಲ್ಲ. ಗಟ್ಟಿ ಮೇಲ್ಮೈಗಳ ಮೇಲೆ ಇದು ಗಂಟೆಗಟ್ಟಲೆ ಬದುಕಿರುತ್ತದೆ. ಅದರ ಮೇಲಿರುವುದು ಕೊಬ್ಬಿನ ಪೊರೆಯಾದ್ದರಿಂದ ಸಾಬೂನಿಗೆ ಸುಲಭವಾಗಿ ಸೋಲುತ್ತದೆ.

ಹಾಗಾದರೆ ಅಣ್ಣನಿಗೆ ನೆಗಡಿ, ತಂಗಿಗೆ ಉಸಿರಾಟದ ಪೇಚಾಟ ಏಕೆ? ಎಲ್ಲ ಕೊಳವೆಯ ಅಳತೆಯ ಆಟ. ಶ್ವಾಸಕೋಶದ ತುದಿಯಲ್ಲಿರುವ ಸಣ್ಣ ಕೊಳವೆಗಳ ಒಳಪೊರೆ ಊದಿಕೊಂಡು, ಸತ್ತ ಜೀವಕೋಶ ಮತ್ತು ಕಫದಿಂದ ಕಟ್ಟಿಕೊಳ್ಳುತ್ತದೆ. ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಗಾಳಿ ಎಳೆಯಲು ಎದುರಾಗುವ ತಡೆ ಎರಡರಷ್ಟಲ್ಲ, ಸುಮಾರು 16 ಪಟ್ಟು. ಅಣ್ಣನ ಕೊಳವೆ ಆ ಊತವನ್ನು ತಾಳಿಕೊಳ್ಳುತ್ತದೆ, ಕೂಸಿನದು ತಾಳುವುದಿಲ್ಲ. ಜೊತೆಗೆ ಎಳೆಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದರಿಂದ ಕಟ್ಟಿದ ಮೂಗೇ ಅರ್ಧ ಕಾಯಿಲೆ.

ಜ್ವರ ನೋಡಿಕೊಂಡು ಕುಳಿತದ್ದೇ ನಾನು ಮಾಡಿದ ತಪ್ಪು. ಜ್ವರ ನೂರನ್ನೂ ದಾಟಿರಲಿಲ್ಲ. ನಾಲ್ಕನೇ ರಾತ್ರಿ ಎದೆಹಾಲು ಕುಡಿಯುತ್ತಿದ್ದವನು ಎರಡು ಗುಟುಕಿಗೊಮ್ಮೆ ಬಿಟ್ಟು ಬಿಟ್ಟು ಏದುಸಿರು ಬಿಡತೊಡಗಿದ. ಅಂಗಿ ಎತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಹಿರಿಯರು ಪಕ್ಕೆ ಸೆಳೆತ ಎನ್ನುವುದು ಇದಕ್ಕೇ. ಎಣಿಸಿದೆ: ನಿಮಿಷಕ್ಕೆ 64. ಎರಡು ತಿಂಗಳಿಂದ ಒಂದು ವರ್ಷದವರೆಗಿನ ಮಗುವಿಗೆ 50 ಮುಟ್ಟಿದರೇ ವೇಗದ ಉಸಿರು, ಎರಡು ತಿಂಗಳೊಳಗಿನ ಕೂಸಿಗೆ 60.

ಆಸ್ಪತ್ರೆಯಲ್ಲಿ ಕೊಟ್ಟದ್ದು ಆಮ್ಲಜನಕ, ಮೂಗಿನ ನಳಿಕೆಯಲ್ಲಿ ಹಾಲು. ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ, ಅದಕ್ಕಾಗಿ ಒತ್ತಾಯಿಸಬೇಡಿ. ಕೆಮ್ಮು ಎರಡು ವಾರವಾದರೂ ಎಳೆಯಿತು.

ಮನೆಗೆ ಬಂದ ಮೇಲೆ ನಡೆದ ದೊಡ್ಡ ಜಗಳ ಸಾಂಬ್ರಾಣಿ ಹೊಗೆಯದು. ನೀರೆರೆದ ಮೇಲೆ ಹೊಗೆ ಹಾಕಬೇಡಿ ಎಂದದ್ದು ಅತ್ತೆಯವರಿಗೆ ಅವರ ಬಾಣಂತನದ ಪಾಂಡಿತ್ಯವನ್ನೇ ಪ್ರಶ್ನಿಸಿದಂತಾಯಿತು. ಆದರೂ ಬಿಡಿಸಿದೆ. ಊದಿಕೊಂಡ ಕೊಳವೆಗೆ ಹೊಗೆ ಯಾವುದಾದರೇನು, ಸಿಗರೇಟಿನದಾದರೇನು! ಮೂಗಿಗೆ ಎಣ್ಣೆ ಬಿಡುವುದೂ ಬೇಡ. ವೈದ್ಯರು ಹೇಳಿದ ಉಪ್ಪುನೀರಿನ ಹನಿ ಸಾಕು.

ಮಗನನ್ನು ತಂಗಿಯಿಂದ ಒಂದು ವಾರವಾದರೂ ದೂರವಿಡಿ. ನಿಮಗೇ ನೆಗಡಿಯಾಗಿದ್ದರೆ ಮಾಸ್ಕ್ ಹಾಕಿಕೊಂಡು ಹಾಲೂಡಿಸಿ, ನಿಲ್ಲಿಸಬೇಡಿ. ಮೂರರಿಂದ ಐದನೇ ದಿನದವರೆಗೆ ಇದು ಏರುವ ಹೊತ್ತು. ಇಂದು ರಾತ್ರಿ ಅವಳು ನಿದ್ದೆಯಲ್ಲಿರುವಾಗ ಅಂಗಿ ಸರಿಸಿ ಪೂರ್ತಿ ಒಂದು ನಿಮಿಷ ಎಣಿಸಿ. 50 ಮುಟ್ಟಿದರೆ, ಪಕ್ಕೆ ಸೆಳೆದರೆ, ಹಾಲು ಅರ್ಧಕ್ಕಿಳಿದರೆ, ತುಟಿ ನೀಲಿಯಾದರೆ ಅಥವಾ ಉಸಿರು ನಡುವೆ ನಿಂತು ನಿಂತು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.