15 ಸಾವಿರದಲ್ಲಿ ಮೊದಲು ಯಾವುದನ್ನು ಬದಲಿಸಲಿ: ಡ್ಯಾಕ್, ಆಂಪ್, ಸ್ಪೀಕರ್?

ಕುಮಟಾದಲ್ಲಿ ಬಾಡಿಗೆ ಮನೆ, ಅಣ್ಣ ಕೊಟ್ಟ ಹಳೆಯ ಆಂಪ್ (ಸಂಕೇತಕ್ಕೆ ಬಲ ತುಂಬಿ ಸ್ಪೀಕರ್ ನುಡಿಸುವ ಆಂಪ್ಲಿಫೈಯರ್), ಅದರ ಜೊತೆ ಬಂದ ಸಣ್ಣ ಸ್ಪೀಕರ್ ಜೋಡಿ, ಫೋನಿನಿಂದ ಬ್ಲೂಟೂತ್. ಯಕ್ಷಗಾನ ಹಾಕಿದರೆ ಭಾಗವತರ ದನಿ ಮಂಕು, ಮದ್ದಳೆ ಗುಂಯ್ ಅನ್ನುತ್ತದೆ, ಅಂಗಡಿಯವರು ಡ್ಯಾಕ್ ಮತ್ತು ದಪ್ಪ ವೈರ್ ತಗೊಳ್ಳಿ ಅಂದರು ಅಂತ ಬರೆದಿದ್ದೀರಿ. ಡ್ಯಾಕ್ ಈಗ ಬೇಡ. ವೈರಿಗಂತೂ ದುಡ್ಡು ಹಾಕಲೇಬೇಡಿ.

ಫೈಲಿನೊಳಗಿನ ಅಂಕಿಗಳನ್ನು ವಿದ್ಯುತ್ ಸಂಕೇತ ಮಾಡುವುದಷ್ಟೇ ಡ್ಯಾಕ್‌ನ ಕೆಲಸ. ಇವತ್ತಿನ ಸಾಧಾರಣ ಡ್ಯಾಕ್ ಕೂಡ ಕಿವಿಗೆ ಕೇಳುವ 20ರಿಂದ 20,000 ಹರ್ಟ್ಸ್‌ವರೆಗೆ ಹೆಚ್ಚುಕಡಿಮೆ ಏರುಪೇರಿಲ್ಲದೆ ಆ ಕೆಲಸ ಮುಗಿಸುತ್ತದೆ. ಸ್ಪೀಕರ್ ಹಾಗಲ್ಲ. ಅದರ ಕೋನ್ ಅಲುಗಿ ಗಾಳಿಯನ್ನು ತಳ್ಳಬೇಕು. ದನಿಯ ಜೋರು 3 ಡೆಸಿಬಲ್ ಆಚೀಚೆ ಆದರೂ ಅದನ್ನು ಒಳ್ಳೆಯ ಸ್ಪೀಕರ್ ಅನ್ನುತ್ತಾರೆ. ಕೋಣೆಯದು ಇನ್ನೂ ದೊಡ್ಡ ಪಾಲು, ತಗ್ಗಿನ ನಾದವನ್ನು 10 ಡೆಸಿಬಲ್‌ನಷ್ಟು ಉಬ್ಬಿಸಿಬಿಡಬಹುದು. ನಿಮ್ಮ ಮದ್ದಳೆಯ ಗುಂಯ್ ಅಲ್ಲಿಂದಲೇ ಬರುತ್ತಿದೆ ಅನಿಸುತ್ತದೆ. ಎದುರುಬದುರು ಗೋಡೆಗಳ ನಡುವೆ 3.4 ಮೀಟರ್ ಇದ್ದರೆ 50 ಹರ್ಟ್ಸ್ ಸುತ್ತ, ಮತ್ತೆ 100ರ ಸುತ್ತ ದನಿ ನಿಂತು ಗುಡುಗುತ್ತದೆ. ಸ್ಪೀಕರ್ ಮೂಲೆಯಲ್ಲಿದ್ದರೆ ಅದು ಇನ್ನೂ ಜೋರು. ಮೂಲೆಯಿಂದ ಎಳೆದು ಗೋಡೆಯಿಂದ ಒಂದೆರಡು ಅಡಿ ಮುಂದಿಡಿ, ಮೇಲಿನ ಸಣ್ಣ ಟ್ವೀಟರ್ (ತೀಕ್ಷ್ಣ ನಾದ ನುಡಿಸುವ ಭಾಗ) ಕೂತಾಗಿನ ಕಿವಿಯ ಎತ್ತರಕ್ಕೆ ಬರಲಿ. ಸಿಮೆಂಟ್ ನೆಲದ ಮೇಲೆ ಕಂಬಳಿ ಹಾಸಿ. ದನಿಯ ಮಂಕೂ ಅರ್ಧ ಇದರಲ್ಲೇ ಹೋದೀತು.

ಇನ್ನು ನಮ್ಮ ಜಿಲ್ಲೆಯ ಹವೆ. ನಾನು ಘಟ್ಟದ ಮೇಲೆ ಶಿರಸಿಯಲ್ಲಿರುವವನು, ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ನಿಮಗೆ ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಬೆಂಗಳೂರಿನವರು ಕೊಡುವ ಸಲಹೆಯಲ್ಲಿ ಈ ಮಾತೇ ಇರುವುದಿಲ್ಲ. ಸ್ಪೀಕರಿನ ಜಾಳಿಗೆ ತೆಗೆದು ಕೋನಿನ ಸುತ್ತಲಿನ ಅಂಚನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಅದು ಫೋಮ್ ಆಗಿದ್ದು ಪುಡಿಪುಡಿ ಉದುರಿದರೆ ಆ ಸ್ಪೀಕರಿನ ಆಯಸ್ಸು ಮುಗಿಯಿತು, ಅಂಚು ಬದಲಿಸಬೇಕು ಇಲ್ಲವೇ ಹೊಸದು. ರಬ್ಬರ್ ಆಗಿದ್ದು ಮೆತ್ತಗಿದ್ದರೆ ಚಿಂತೆಯಿಲ್ಲ. ಆಮೇಲೆ ಆಂಪ್‌ನ ಪ್ಲಗ್ ಕಿತ್ತು, ಹಿಂದಿನ ಪಿನ್‌ಗಳ ಕಿಲುಬನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ವೈರಿನ ತುದಿ ಕಪ್ಪಾಗಿದ್ದರೆ ಒಂದಿಂಚು ಕತ್ತರಿಸಿ ಹೊಸ ತಾಮ್ರ ಸಿಕ್ಕಿಸಿ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಇಷ್ಟಾದ ಮೇಲೆ ಪರೀಕ್ಷೆ. ಚೆನ್ನಾಗಿ ಗೊತ್ತಿರುವ ಒಂದು ಸ್ಟುಡಿಯೋ ಪದ ಆರಿಸಿ. ಆಟದಲ್ಲಿ ಚಂಡೆಯ ಪಕ್ಕ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ಬೇಡ. ಚಂಡೆಯ ಹೊಡೆತಕ್ಕೆ ಆ ಮೈಕಿನಲ್ಲಿ ದನಿ ಆಗಲೇ ಒಡೆದುಹೋಗಿರುತ್ತದೆ, ಲಕ್ಷ ರೂಪಾಯಿಯ ಸ್ಪೀಕರಿನಲ್ಲೂ ಅದು ಸರಿಯಾಗದು. ಒಮ್ಮೆ ಬ್ಲೂಟೂತ್‌ನಲ್ಲಿ, ಒಮ್ಮೆ ವೈರ್ ಚುಚ್ಚಿ ಕೇಳಿ. ಆಮೇಲೆ ನೆಂಟರದ್ದೋ ಸ್ನೇಹಿತರದ್ದೋ ಬೇರೆ ಸ್ಪೀಕರ್ ಅದೇ ಆಂಪ್‌ಗೆ ಹಾಕಿ ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ವಾಲ್ಯೂಮ್ ಎರಡರಲ್ಲೂ ಸಮ ಇರಲಿ, ಏಕೆಂದರೆ ತುಸು ಜೋರಾಗಿರುವುದೇ ಯಾವಾಗಲೂ ಚೆನ್ನಾಗಿದೆ ಅನಿಸುತ್ತದೆ. ಬದಲಿಸುವ ಕೆಲಸ ಮನೆಯವರು ಮಾಡಲಿ, ಯಾವುದು ನುಡಿಯುತ್ತಿದೆ ಅಂತ ನಿಮಗೆ ಗೊತ್ತಾಗಬಾರದು.

ಸ್ಪೀಕರಿನಿಂದಲೇ ವ್ಯತ್ಯಾಸ ಬಂತು ಅಂದರೆ ಪೂರ್ತಿ ದುಡ್ಡು ಅದಕ್ಕೇ. ರಬ್ಬರ್ ಅಂಚಿನದು ತಗೊಳ್ಳಿ, ಅದರ ಓಮ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ನಿಮ್ಮ ಆಂಪ್‌ನ ಬೆನ್ನಮೇಲೆ ಬರೆದದ್ದಕ್ಕೆ ಹೊಂದಲಿ. ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರು ನುಡಿಯುತ್ತದೆ ಅನ್ನುವುದು, ಅದನ್ನೂ ಕೇಳಿ: 84ರ ಬದಲು 87 ಡೆಸಿಬಲ್‌ನದು ಸಿಕ್ಕಿದರೆ ಆಂಪ್‌ನ ವ್ಯಾಟ್ ದುಪ್ಪಟ್ಟು ಮಾಡಿದಷ್ಟೇ ಲಾಭ. ದನಿ ಏರಿಸಿದಾಗ ಒಡೆಯುತ್ತಿಲ್ಲವಾದರೆ ಆಂಪ್ ಮುಟ್ಟಬೇಡಿ.

ರಾತ್ರಿ ಅಕ್ಕಪಕ್ಕದವರಿಗೆ ತೊಂದರೆ ಅನ್ನುವುದಾದರೆ ಹೆಡ್‌ಫೋನ್ ಕೂಡ ಒಳ್ಳೆಯ ದಾರಿ, ಅದೇ ದುಡ್ಡಿಗೆ ಕೋಣೆಯ ಕಾಟವೇ ಇಲ್ಲ. ಹಂಚಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ತೆರೆದ ಬೆನ್ನಿನದರಲ್ಲಿ ಏನೂ ಕೇಳದು, ಮುಚ್ಚಿದ್ದನ್ನೇ ಆರಿಸಿ. 32 ಓಮ್ಸ್ ಆಸುಪಾಸಿನದಕ್ಕೆ ಫೋನೇ ಸಾಕು. 250-300 ಓಮ್ಸ್‌ನದಕ್ಕೆ ಮಾತ್ರ ಬೇರೆ ಆಂಪ್ ಬೇಕಾದೀತು.

ಸ್ಪೀಕರಿನ ಮಾಡೆಲ್, ಕೋಣೆಯ ಉದ್ದಗಲ, ಅಂಚು ಫೋಮೋ ರಬ್ಬರೋ ಅನ್ನುವುದನ್ನು ಇಲ್ಲೇ ಬರೆಯಿರಿ, ಎಲ್ಲಿಡಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.